ಬಿಸಿಲೇರುವ ಮುಂಚೆ ಕಾರಿನ ವಾಟರ್ ಪಂಪ್ ನೋಡಿಕೊಳ್ಳಿ

ರಾಯಚೂರಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಎಸಿ ಹಾಕಿಕೊಂಡು ಸಿಂಧನೂರು, ಲಿಂಗಸುಗೂರು ಅಂತ ಓಡಾಡುವವರು ದಯವಿಟ್ಟು ಇದನ್ನು ಓದಿ. ಎಂಜಿನ್ ತಣ್ಣಗಿಡುವ ದ್ರವವನ್ನು, ಅಂದರೆ ಕೂಲಂಟನ್ನು, ಒಳಗೆ ಸುತ್ತಿಸುವುದೇ ವಾಟರ್ ಪಂಪ್.

ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ ನೋಡಿ. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಕೂಲಂಟ್ ಅಲ್ಲಿಂದ ಜಿನುಗಿ, ಒಣಗಿ ಕಲೆಯಾಗುತ್ತದೆ. ಆ ತೂತನ್ನು ಯಾರು ಹೇಳಿದರೂ ಮುಚ್ಚಿಸಬೇಡಿ. ಮುಚ್ಚಿದರೆ ಹೊರಬರಬೇಕಾದ ಕೂಲಂಟ್ ಪಂಪಿನ ತಿರುಗುವ ಅಚ್ಚನ್ನು ಹಿಡಿದಿರುವ ಬೇರಿಂಗಿಗೆ ಇಳಿಯುತ್ತದೆ. ಪಂಪಿನ ಕಡೆಯಿಂದ ಕಿರ್ರೆನ್ನುವ ಸದ್ದು ಬಂದರೆ ಬೇರಿಂಗ್ ಹೋಗುತ್ತಿರಬಹುದು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ತಪ್ಪು ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವುದು. ಪಾತ್ರೆಗೆ ಬಿಳಿ ಪದರ ಕಟ್ಟುವ ಗಡಸು ನೀರು ಎಂಜಿನ್ ಒಳಗೂ ಕಟ್ಟುತ್ತದೆ, ಬರೀ ನೀರಿಗೆ ತುಕ್ಕೂ ಹಿಡಿಯುತ್ತದೆ. ಕಂಪನಿ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ, ಬೆರೆಸಬೇಕಿದ್ದರೆ ಡಿಸ್ಟಿಲ್ಡ್ ವಾಟರ್ ಬಳಸಿ.

ಪಂಪ್ ಟೈಮಿಂಗ್ ಬೆಲ್ಟಿನಿಂದ (ಎಂಜಿನ್ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಬೆಲ್ಟ್) ತಿರುಗುವ ಗಾಡಿಯಾದರೆ ಎರಡನ್ನೂ ಒಟ್ಟಿಗೇ ಬದಲಿಸಿ, ಬಿಚ್ಚುವ ಕೂಲಿ ಒಮ್ಮೆಗೇ ಮುಗಿಯುತ್ತದೆ. ಪಂಪ್ ಕೂರುವ ಜಾಗದಲ್ಲಿ ಸೋರದಂತೆ ಇಡುವ ಗ್ಯಾಸ್ಕೆಟ್ ಹೊಸದೇ ಇರಲಿ. ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ತೆಗೆಸಿ.

ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.