ಸೆಕೆಂಡ್ ಹ್ಯಾಂಡ್ ಪಿಟೀಲು, ಮಾರುವವರ ಸುಳ್ಳು ಮತ್ತು ನನ್ನ ಟಾರ್ಚು

ಹಳೇ ಪಿಟೀಲು ಮಾರುವವರ ಬಾಯಲ್ಲಿ ಮೊದಲು ಬರುವ ಹೆಸರು ಸ್ಟ್ರಾಡಿವೇರಿಯಸ್. "ಒಳಗೆ ಚೀಟಿ ನೋಡಿ ಸಾರ್, ಇಟಲಿದು, 1721ನೇ ಇಸವಿದು" ಅಂತ ಎಡಗಡೆ ಎಫ್ ಹೋಲ್, ಅಂದರೆ ಎಫ್ ಆಕಾರದ ತೂತಿನ ಹತ್ತಿರ ಮೊಬೈಲ್ ಬೆಳಕು ಹಿಡಿಯುತ್ತಾರೆ. ಚೀಟಿ ಇರುತ್ತದೆ, ನಿಜ. ಅದರ ಮೇಲೆ ಲ್ಯಾಟಿನ್ನಿನಲ್ಲಿ ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಅನ್ನುವ ಹೆಸರೂ ಇರುತ್ತದೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, "ಮೇಡ್ ಇನ್ ಜರ್ಮನಿ" ಅಂತಲೂ ಇರುತ್ತದೆ!

ಪಿಟೀಲು ಮಾಡುವುದರಲ್ಲಿ ಜಗತ್ತಿಗೇ ಹೆಸರಾದ ಸ್ಟ್ರಾಡಿವೇರಿ ಇಟಲಿಯ ಕ್ರೆಮೋನಾ ಊರಿನವನು. ತೀರಿಕೊಂಡಿದ್ದು 1737ರಲ್ಲಿ. ಅವನ ಹೆಸರಿನ ಚೀಟಿಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿದ್ದು ಅದಾದ ನೂರೈವತ್ತು ವರ್ಷದ ಮೇಲೆ. ಆಗ ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್ ಸುತ್ತಮುತ್ತ, ಪಕ್ಕದ ಬೊಹೀಮಿಯಾದ ಹಳ್ಳಿಗಳಲ್ಲಿ ಪಿಟೀಲು ಮಾಡುವುದೇ ಜನರ ಕಸುಬಾಗಿತ್ತು. ಯಾರ ಮಾದರಿ ನೋಡಿ ಮಾಡಿದರೋ ಅವರ ಹೆಸರಿನ ಚೀಟಿ ಒಳಗೆ ಅಂಟಿಸುವುದು ರೂಢಿ. 1890ರಲ್ಲಿ ಅಮೆರಿಕದವರು ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕು ಅಂತ ಕಾನೂನು ಮಾಡಿದರು. ಹಾಗಾಗಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರು ಕಂಡರೆ ಅದು ಸಾಮಾನ್ಯವಾಗಿ ಅದರ ನಂತರದ್ದು. ಚೆಕೊಸ್ಲೊವಾಕಿಯಾ ಅಂತಿದ್ದರೆ 1918ರ ಈಚಿನದು. ಆ ದೇಶ ಹುಟ್ಟಿದ್ದೇ ಆ ವರ್ಷ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾರುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ. "ಹೌದಾ, ಚೆನ್ನಾಗಿದೆ" ಅಂದು ಸುಮ್ಮನಾಗುತ್ತೇನೆ. ಬೆಂಗಳೂರಿನಲ್ಲಿ ಪಿಟೀಲು ಹೇಳಿಕೊಡುವುದು ನನ್ನ ಕೆಲಸ. ಕಲಿಯಲು ಬರುವವರಿಗೆ ಹಳೇ ಪಿಟೀಲು ನೋಡಿಕೊಡುವುದು ಅದರ ಜೊತೆಗೆ ಅಂಟಿಕೊಂಡ ಕೆಲಸ. ಮನೆ ಮಾರುವಾಗ, ಕೋಣೆ ಖಾಲಿ ಮಾಡುವಾಗ ತಾತನ ಪಿಟೀಲು ಮಾರುವವರು ಅಪ್ಪ ಹೇಳಿದ್ದನ್ನೇ ಹೇಳುತ್ತಾರೆ. ಅವರು ಸುಳ್ಳುಗಾರರಲ್ಲ. "ಚೌಡಯ್ಯನವರ ಕಾಲದ್ದು" ಅಂತ ಮೈಸೂರಿನಲ್ಲಿ ಒಬ್ಬ ಯಜಮಾನರು ಹೇಳಿದ್ದರು. ಪಿಟೀಲು ವಿದ್ವಾನ್ ಚೌಡಯ್ಯನವರು ಇದ್ದದ್ದು 1895ರಿಂದ 1967ರವರೆಗೆ, ಆ ಪಿಟೀಲೂ ಆ ಕಾಲದ್ದೇ ಇರಬಹುದು. ಅದರಿಂದ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ ಅಷ್ಟೇ. ನಿಜವಾದ ಮೋಸಗಾರರು ಬೇರೆ ಜಾತಿ. ಅವರು ಕಥೆ ಹೇಳುತ್ತಾ ನಮ್ಮ ಕೈಯನ್ನು, ಕಣ್ಣನ್ನು ಒಂದು ಜಾಗದಿಂದ ದೂರ ಇಡುತ್ತಾರೆ. ಆ ಜಾಗ ಯಾವುದು ಅಂತ ಹುಡುಕುವುದೇ ನನ್ನ ಕೆಲಸ.

ಉದಾಹರಣೆಗೆ ಚಿನ್ ರೆಸ್ಟ್, ಅಂದರೆ ಗದ್ದ ಊರುವ ತಟ್ಟೆ.

ದಕ್ಷಿಣ ಬೆಂಗಳೂರಿನಲ್ಲಿ ಒಬ್ಬರು ಮನೆಯಲ್ಲೇ ಹಳೇ ವಾದ್ಯಗಳ ವ್ಯಾಪಾರ ಮಾಡುತ್ತಿದ್ದರು. ನನ್ನ ಒಬ್ಬ ಶಿಷ್ಯೆ, ಅವಳ ತಂದೆ, ನಾನು ಹೋಗಿದ್ದೆವು. ಒಳ್ಳೇ ಜರ್ಮನ್ ಪಿಟೀಲು, ಹೇಳಿದ ಬೆಲೆ 45 ಸಾವಿರ. ಹಿಂದಿನ ಹಲಗೆಯ ಮೇಪಲ್ ಮರದಲ್ಲಿ ಹುಲಿಪಟ್ಟೆಯಂಥ ಗೆರೆಗಳು. ಬೆಳಕಿಗೆ ಹಿಡಿದು ವಾಲಿಸಿದರೆ ಗೆರೆಗಳೂ ಜೊತೆಗೆ ಹೊರಳಿದವು. ಬಣ್ಣದಿಂದ ಬರೆದ ಗೆರೆಯಾದರೆ ಹಾಗೆ ಹೊರಳುವುದಿಲ್ಲ, ಇದ್ದಲ್ಲೇ ಇರುತ್ತದೆ. ಅಂಚಿನ ಸುತ್ತ ಓಡುವ ಕಪ್ಪು ಗೆರೆಯೂ ಮರ ಕೂಡಿಸಿದ್ದೇ, ಇಂಕಿನಲ್ಲಿ ಎಳೆದದ್ದಲ್ಲ. ಎಲ್ಲ ಸರಿ. ಆದರೆ ಚಿನ್ ರೆಸ್ಟ್ ಮಾತ್ರ ಆ ಪಿಟೀಲಿಗೆ ಅಗತ್ಯಕ್ಕಿಂತ ಅಗಲ, ತಂತಿಗಳ ಬುಡ ಹಿಡಿದಿರುವ ಟೇಲ್‌ಪೀಸ್ ದಾಟಿ ಆಚೆಗೂ ಚಾಚಿತ್ತು. ಹಳೇ ಪಿಟೀಲಿಗೆ ಹೊಸಾ ಪ್ಲಾಸ್ಟಿಕ್ ಚಿನ್ ರೆಸ್ಟ್ ಯಾಕೆ?

"ಸ್ವಲ್ಪ ಬಿಚ್ಚಿ ನೋಡಲಾ?" ಅಂತ ಕೇಳಿದೆ. ಅದಕ್ಕೆ ಬೇಕಾದ ಸಣ್ಣ ಕಡ್ಡಿ ನನ್ನ ಚೀಲದಲ್ಲೇ ಇರುತ್ತದೆ.

"ಬೇಡ ಸಾರ್, ಸೆಟ್ಟಿಂಗ್ ಹೊರಟು ಹೋಗುತ್ತೆ."

ಚಿನ್ ರೆಸ್ಟ್ ಬಿಚ್ಚಿದರೆ ಯಾವ ಸೆಟ್ಟಿಂಗೂ ಹೋಗುವುದಿಲ್ಲ. ಅದು ಹಲಗೆಯ ಅಂಚನ್ನು ಹಿಡಿದಿರುವ ಒಂದು ಕ್ಲಾಂಪು, ಅಷ್ಟೇ. ನಾನು ನಗುತ್ತಾ, "ಹೋದರೆ ನಾನೇ ಕೂರಿಸಿ ಕೊಡ್ತೀನಿ ಬಿಡಿ, ದಿನಾ ಮಾಡೋ ಕೆಲಸ" ಅಂದೆ. ಅವರು ಕಾಫಿ ತರಿಸುತ್ತೇನೆ ಅಂದರು. ಕಾಫಿ ಬರುವುದರೊಳಗೆ ಬಿಚ್ಚಿದೆ. ಕೆಳಗಿನ ಅಂಚಿನಿಂದ ಎರಡು ಬೆರಳು ಉದ್ದದ ಬಿರುಕು, ಮರದ ನೇರಕ್ಕೆ ಮೇಲೆ ಏರಿತ್ತು. ಅದರೊಳಗೆ ಕಂದು ಬಣ್ಣದ ಮೇಣ ತುಂಬಿ, ಮೇಲೆ ಪಾಲಿಶ್ ಒರೆಸಿದ್ದರು. ಕಣ್ಣಿಗೆ ಬರೀ ಮರದ ಗೆರೆಯ ಹಾಗೆ ಕಾಣುತ್ತಿತ್ತು. ಉಗುರು ಅಡ್ಡಕ್ಕೆ ಎಳೆದರೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ದಂತವೈದ್ಯರು ಬಳಸುವಂಥ ಸಣ್ಣ ಕನ್ನಡಿ ಎಫ್ ಹೋಲ್ ಒಳಗೆ ಇಳಿಸಿ ಟಾರ್ಚು ಬಿಟ್ಟೆ. ಬಿರುಕನ್ನು ಸರಿಯಾಗಿ ರಿಪೇರಿ ಮಾಡಿದವರು ಒಳಗಡೆ ಅಡ್ಡಕ್ಕೆ ಸಣ್ಣಸಣ್ಣ ಮರದ ತುಂಡು ಅಂಟಿಸಿರುತ್ತಾರೆ. ಇಲ್ಲಿ ಒಂದೂ ಇರಲಿಲ್ಲ. ಬದಲಿಗೆ ಒಣಗಿದ ಬಿಳೀ ಅಂಟು ಇಳಿದು ನಿಂತಿತ್ತು.

ಈ ಬಿಳೀ ಅಂಟಿನ ವಿಷಯ ಒಂದೆರಡು ಮಾತು. ಪಿಟೀಲನ್ನು ಕೂಡಿಸುವುದು ಪ್ರಾಣಿಗಳ ಚರ್ಮದಿಂದ ಕಾಯಿಸಿ ಮಾಡುವ ಅಂಟಿನಿಂದ. ಅದು ಬೇಕೆಂದೇ ಸ್ವಲ್ಪ ದುರ್ಬಲ. ಬಿಸಿಲು, ಮಳೆ, ಚಳಿಗೆ ಮರ ಹಿಗ್ಗಿ ಕುಗ್ಗಿದಾಗ ಹಲಗೆ ಒಡೆಯುವ ಬದಲು ಅಂಟು ಬಿಡುತ್ತದೆ. ಬಿಟ್ಟ ಜಾಗವನ್ನು ಮತ್ತೆ ಅಂಟಿಸುವುದು ಸುಲಭ, ಖರ್ಚೂ ಕಡಿಮೆ. ಬಡಗಿಗಳು ಬಳಸುವ ಈ ಬಿಳೀ ಅಂಟು ಹಾಕಿದರೆ ಮುಂದಿನ ಸಲ ಬಿಡುವುದು ಅಂಟಲ್ಲ, ಮರ. ಆದ್ದರಿಂದ ಅಂಚು ಬಿಟ್ಟ ಪಿಟೀಲಿಗೆ ನಾನು ಹೆದರುವುದಿಲ್ಲ. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದರೆ ಬಿಟ್ಟ ಜಾಗದಲ್ಲಿ ಸದ್ದು ಸಡಿಲ ಬರುತ್ತದೆ, ಗೊತ್ತಾಗುತ್ತದೆ. ಬಿಳೀ ಅಂಟು ಕಂಡರೆ ಮಾತ್ರ ಹಿಂದೆ ಸರಿಯುತ್ತೇನೆ.

ಅವರಿಗೆ ಬಿರುಕು ತೋರಿಸಿದೆ. "ಅಯ್ಯೋ, ನನಗೂ ಗೊತ್ತಿರಲಿಲ್ಲ ನೋಡಿ" ಅಂದರು. ಹೊಸ ಚಿನ್ ರೆಸ್ಟ್ ಹಾಕಿದ್ದು ಯಾರು ಅಂತ ಕೇಳಲಿಲ್ಲ. ಬೆಲೆ 40ಕ್ಕೆ ಬಂತು, ಅಲ್ಲೇ ನಿಂತಿತು. ನಾವು ಕಾಫಿ ಕುಡಿದು ಎದ್ದೆವು. ಕೆಲವು ವಾರದ ಮೇಲೆ ಅದೇ ಪಿಟೀಲು ಬೇರೆ ಯಾರಿಗೋ 45 ಸಾವಿರಕ್ಕೇ ಹೋಯಿತು ಅಂತ ತಿಳಿಯಿತು.

ಮೇಲಿನ ಹಲಗೆಯ ಅಂಚಿನ ಬಿರುಕು ಅಷ್ಟು ದೊಡ್ಡ ರೋಗವಲ್ಲ. ಒಳ್ಳೇ ಕೈ ಸಿಕ್ಕರೆ ಸರಿ ಹೋಗುತ್ತದೆ. ಹಿಂದಿನ ಹಲಗೆಯಲ್ಲಿ, ಎರಡು ಹಲಗೆಗಳ ನಡುವೆ ನಿಲ್ಲಿಸಿದ ಕಡ್ಡಿ, ಅಂದರೆ ಸೌಂಡ್ ಪೋಸ್ಟ್, ಕೂರುವ ಜಾಗದಲ್ಲಿ ಬಿರುಕಿದ್ದರೆ ಮಾತ್ರ ನಾನು ನುಡಿಸಿಯೂ ನೋಡುವುದಿಲ್ಲ. ಒಳಗಿನ ಆ ಕಡ್ಡಿ ಸದಾ ಒತ್ತುತ್ತಲೇ ಇರುವ ಜಾಗ ಅದು. ರಿಪೇರಿಗೆ ಇಡೀ ಪಿಟೀಲು ಬಿಚ್ಚಬೇಕು.

ಇನ್ನೊಂದು ಮಾತು ಬಹಳ ಕೇಳಿದ್ದೇನೆ: "ಮಗಳು ಕಲೀಲಿ ಅಂತ ತಂದಿದ್ದು ಮೇಷ್ಟ್ರೇ, ಅವಳು ಮುಟ್ಟೇ ಇಲ್ಲ, ಬೀರುವಿನಲ್ಲೇ ಇತ್ತು." ನಮ್ಮ ಸಂಗೀತಕ್ಕೆ ಬಳಸಿದ ಪಿಟೀಲು ತನ್ನ ಚರಿತ್ರೆಯನ್ನು ಮೈಮೇಲೇ ಬರೆದುಕೊಂಡಿರುತ್ತದೆ. ನಾವು ಚಕ್ಕಳಮಕ್ಕಳ ಕೂತು ತುದಿಯ ಸುರುಳಿಯನ್ನು ಬಲಗಾಲ ಪಾದದ ಮೇಲೆ ಇಡುತ್ತೇವೆ. ವರ್ಷಗಟ್ಟಲೆ ನುಡಿಸಿದರೆ ಅಲ್ಲಿ ವಾರ್ನಿಷ್ ಸವೆದು ಬಿಳಿ ಮರ ಕಾಣುತ್ತದೆ. ಗಮಕಕ್ಕೆ ಬೆರಳು ಜಾರಿಸುತ್ತಲೇ ಇರುತ್ತೇವಲ್ಲ, ತಂತಿ ತನ್ನ ಕೆಳಗಿನ ಮರದ ಪಟ್ಟಿಯಾದ ಫಿಂಗರ್‌ಬೋರ್ಡನ್ನು ಕೊರೆದು ಉದ್ದಕ್ಕೆ ಕಾಲುವೆ ಮಾಡುತ್ತದೆ. ಒಂದು ಕಣ್ಣು ಮುಚ್ಚಿ ಸುರುಳಿಯ ಕಡೆಯಿಂದ ಉದ್ದಕ್ಕೆ ನೋಡಿದರೆ ನಾಲ್ಕೂ ಕಾಲುವೆ ಕಾಣುತ್ತವೆ. ಬೀರುವಿನಲ್ಲಿದ್ದ ಪಿಟೀಲಿಗೆ ಇವೆಲ್ಲ ಎಲ್ಲಿಂದ ಬರಬೇಕು? ಬಳಸಿದ ಪಿಟೀಲು ನನಗೆ ಇಷ್ಟವೇ. ಫಿಂಗರ್‌ಬೋರ್ಡ್ ಹತ್ತರಿ ಹಿಡಿದು ಮಟ್ಟ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯುತ್ತೇನೆ.

ನಿಜಕ್ಕೂ ಬೀರುವಿನಲ್ಲೇ ಇದ್ದರೆ ಬೇರೆ ಲಕ್ಷಣ. ಪೆಟ್ಟಿಗೆ ತೆರೆದಾಗ ಕಮಾನಿನ ಕೂದಲು ಅರ್ಧಕ್ಕರ್ಧ ಕತ್ತರಿಸಿ ಉದುರಿರುತ್ತದೆ. ಕತ್ತಲೆಯಲ್ಲಿ ಕೂದಲು ತಿನ್ನುವ ಸಣ್ಣ ಹುಳದ ಕೆಲಸ ಅದು. ಕೂದಲು ಬದಲಾಯಿಸಿ, ಪೆಟ್ಟಿಗೆಯನ್ನು ಬಿಸಿಲಿಗೆ ಹಾಕಿದರೆ ಮುಗಿಯಿತು. ಮರದಲ್ಲಿ ಸೂಜಿ ತೂತಿನಂಥ ತೂತು, ಅದರಿಂದ ಹೊಸಾ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ. ಅಂಥದ್ದನ್ನು ಮನೆಯೊಳಗೇ ತರಬಾರದು. ಆ ತೂತಿಗೂ ಮೇಣ ತುಂಬುವವರಿದ್ದಾರೆ.

ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆ ತೀರಾ ಗಿಡ್ಡ ಇದ್ದರೆ ನನಗೆ ಅನುಮಾನ. ತಂತಿಯ ಎಳೆತಕ್ಕೆ ಕುತ್ತಿಗೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಬೆರಳಿಗೆ ನೋವಾಗುತ್ತದೆ. ಕುತ್ತಿಗೆ ಸರಿ ಮಾಡಿಸುವುದು ದುಬಾರಿ. ಕುದುರೆ ಕೆತ್ತಿ ತಗ್ಗಿಸುವುದು ಪುಕ್ಕಟೆ. ಪೂರ್ತಿ ಅಳತೆಯ ಪಿಟೀಲಿನ ಕುದುರೆ ಸುಮಾರು 33 ಮಿಲಿಮೀಟರ್ ಎತ್ತರ ಇರುತ್ತದೆ. 27, 28 ಇದ್ದರೆ ಯಾಕೆ ಅಂತ ಕೇಳುತ್ತೇನೆ. ಅಳತೆ ಅಂದಾಗ ನೆನಪಾಯಿತು, ಮುಕ್ಕಾಲು ಅಳತೆಯದನ್ನು ಫುಲ್ ಸೈಜ್ ಅಂತ ದಾಟಿಸುವುದೂ ನಡೆಯುತ್ತದೆ. ಹಿಂದಿನ ಹಲಗೆ 14 ಇಂಚು, ಅಂದರೆ ಹತ್ತಿರ ಹತ್ತಿರ 356 ಮಿಲಿಮೀಟರ್ ಇರಬೇಕು. ಕುತ್ತಿಗೆ ಕೂರುವ ಪುಟ್ಟ ನಾಲಿಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ದರ್ಜಿಯ ಟೇಪು ಸಾಕು.

ಫಿಂಗರ್‌ಬೋರ್ಡ್ ಕರಿಮರದ್ದು ಅಂದರೆ ಅದರ ಅಡಿ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾದರೆ ಬಣ್ಣ.

ತಂತಿ ಪೂರ್ತಿ ಸಡಿಲ ಬಿಟ್ಟು ತೋರಿಸುವವರದ್ದು ಒಂದು ವರಸೆ. "ಸೇಫ್ಟಿಗೆ ಇಳಿಸಿಟ್ಟಿದ್ದೀನಿ" ಅನ್ನುತ್ತಾರೆ. ಹಾಗೆ ಪೂರ್ತಿ ಇಳಿಸಿದರೆ ಸೌಂಡ್ ಪೋಸ್ಟ್ ಬಿದ್ದು ಹೋಗಬಹುದು, ಅದು ಸೇಫ್ಟಿಯೂ ಅಲ್ಲ. ಶ್ರುತಿಗೆ ಏರಿಸಿದಾಗ ಮಾತ್ರ ತಂತಿ ಬಿಗಿಯುವ ಬಿರಡೆ ಜಾರುತ್ತಾ, ಬಿರುಕು ಗುಂಯ್‌ಗುಡುತ್ತಾ ಗೊತ್ತಾಗುವುದು. ನಾನು ಅಲ್ಲೇ ಕೂತು ಶ್ರುತಿ ಮಾಡಿ ಕಾಲು ಗಂಟೆ ಮಾತಾಡುತ್ತೇನೆ, ಮಳೆ, ಟ್ರಾಫಿಕ್ಕು, ಏನಾದರೂ. ಆಮೇಲೆ ಮತ್ತೆ ಮೀಟಿ ನೋಡುತ್ತೇನೆ. ಬಿರಡೆಗೆ ಸೀಮೆಸುಣ್ಣ ತಿಕ್ಕಿ ನಿಲ್ಲಿಸಿದ್ದರೆ ಆ ಹೊತ್ತಿಗೆ ಶ್ರುತಿ ಇಳಿದಿರುತ್ತದೆ.

ಆನ್‌ಲೈನಿನಲ್ಲಿ ನಡೆಯುವುದು ಬೇರೆ ಆಟ. ಅಲ್ಲಿ ಎಷ್ಟೋ ಸಲ ಪಿಟೀಲೇ ಇರುವುದಿಲ್ಲ. "ನಾನು ಆರ್ಮಿಯಲ್ಲಿದ್ದೀನಿ, ಜಮ್ಮುಗೆ ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್ ಮಾರ್ತಿದ್ದೀನಿ" ಅಂತ ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ಬೆಲೆ ಅರ್ಧಕ್ಕಿಂತ ಕಡಿಮೆ. ಸಾಗಣೆಗೆ ಮಾತ್ರ ಮುಂಗಡ ಬೇಕು. ನನ್ನ ಹತ್ತಿರ ಕಲಿಯುವ ಹುಡುಗನೊಬ್ಬನ ತಂದೆ ಹೀಗೆ 5 ಸಾವಿರ ಕಳಿಸಿದರು. ಅದಾದ ಮೇಲೆ ವಿಮೆಗೆ 3 ಸಾವಿರ ಕೇಳಿದಾಗ ನನಗೆ ಫೋನ್ ಮಾಡಿದರು. ತಕ್ಷಣ 1930ಕ್ಕೆ ಕರೆ ಮಾಡಿ ಅಂದೆ. ಸೈಬರ್ ವಂಚನೆಯ ಸಹಾಯವಾಣಿ ಅದು, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಮಾರುವಾಗಲೂ ಇದೇ ಕಾಟ: "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅನ್ನುತ್ತಾರೆ. ಯುಪಿಐಯಲ್ಲಿ ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ, ತಗೊಳ್ಳುವುದಕ್ಕೆ ಅಲ್ಲ.

ನಾನು ವಿಡಿಯೋ ಕಾಲ್‌ನಲ್ಲಿ ನಾಲ್ಕೂ ತಂತಿ ಮೀಟಿ ತೋರಿಸಿ, ಇವತ್ತಿನ ಪೇಪರ್ ಪಕ್ಕದಲ್ಲಿಡಿ ಅಂತ ಕೇಳುತ್ತೇನೆ. ಪಿಟೀಲು ಕೈಯಲ್ಲಿರುವವರಿಗೆ ಎರಡು ನಿಮಿಷದ ಕೆಲಸ. ಇಲ್ಲದವರು ಬೈದು ಬ್ಲಾಕ್ ಮಾಡುತ್ತಾರೆ, ಒಳ್ಳೇದೇ ಆಯಿತು.

ಒಮ್ಮೆ ಒಬ್ಬ ಶಿಷ್ಯೆಯ ತಾಯಿಗೆ ಹಳೇ ವೀಣೆ ನೋಡಲು ಹೋಗಿದ್ದೆ. "ಇದೆಲ್ಲ ಆನೆದಂತದ ಕೆಲಸ" ಅಂತ ಮಾರುವವರು ಬಿಳೀ ಅಲಂಕಾರ ತೋರಿಸಿದರು, ಅದಕ್ಕೇ ಬೇರೆ ಬೆಲೆ ಹಾಕಿದ್ದರು. ನೋಡಲು ಪ್ಲಾಸ್ಟಿಕ್ಕಿನ ಹಾಗಿತ್ತು. ದಂತವೇ ಆಗಿದ್ದರೆ ಅದರ ಮಾರಾಟ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಎರಡರಲ್ಲಿ ಯಾವುದಾದರೂ ನಮಗೆ ಬೇಡ ಅಂತ ಬಂದೆವು.

ಹೇಳಲು ಮುಜುಗರವಾಗುವ ವಿಷಯ ಒಂದಿದೆ. ಮೋಸದಲ್ಲಿ ಮೇಷ್ಟ್ರುಗಳ ಪಾಲೂ ಇರುತ್ತದೆ. ಶಿಷ್ಯರನ್ನು ಕಳಿಸಿದರೆ ಕಮಿಷನ್ ಕೊಡುತ್ತೇವೆ ಅಂತ ನನಗೇ ಹೇಳಿದವರಿದ್ದಾರೆ. ಆ ದುಡ್ಡು ಶಿಷ್ಯರ ಜೇಬಿನಿಂದಲೇ ಬರುವುದು ಅಲ್ವಾ? ನಿಮ್ಮ ಗುರುಗಳು ಒಂದೇ ಕಡೆ, ಒಂದೇ ಪಿಟೀಲು, ಇವತ್ತೇ ತಗೋ ಅಂದರೆ, ಗುರುಭಕ್ತಿ ಒಂದು ಕಡೆ ಇರಲಿ, ಇನ್ನೊಬ್ಬ ವಾದಕರಿಗೆ ತೋರಿಸಿ. ನೋಡಿಕೊಟ್ಟದ್ದಕ್ಕೆ ಗುರುಗಳಿಗೆ ನೀವೇ ನೇರವಾಗಿ ದುಡ್ಡು ಕೊಟ್ಟರೆ ಯಾರಿಗೂ ನಾಚಿಕೆಯಿಲ್ಲ.

ಬೆಲೆ ಮಾತಾಡುವಾಗ "ನೀವು ಸುಳ್ಳು ಹೇಳಿದಿರಿ" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಾಗಂದರೆ ಅವರು ಮಾನಕ್ಕೆ ಬಿದ್ದು ಬೆಲೆಗೆ ಅಂಟಿಕೊಳ್ಳುತ್ತಾರೆ. ಕುದುರೆಗೆ ಇಷ್ಟು, ಬಿರಡೆಗೆ ಇಷ್ಟು, ಕೂದಲಿಗೆ ಇಷ್ಟು ಅಂತ ರಿಪೇರಿ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಮುಂದಿಡುತ್ತೇನೆ. ಬಳೇಪೇಟೆ ಕಡೆ ವಾದ್ಯ ರಿಪೇರಿ ಮಾಡುವವರನ್ನು ಮೊದಲೇ ಕೇಳಿಕೊಂಡಿರುತ್ತೇನೆ. ಅಂಕಿಯ ಜೊತೆ ಜಗಳ ಆಡುವುದು ಕಷ್ಟ.

ಕೊನೆಗೆ, ದುಡ್ಡು ಕೊಡುವ ಮೊದಲು, ಒಂದು ರಸೀದಿ ಬರೆಸುತ್ತೇನೆ. ಮಾರುವವರ ಹೆಸರು, ಫೋನ್ ನಂಬರು, ಚೀಟಿಯಲ್ಲಿ ಏನಿದೆ, ಏನೇನು ಜೊತೆಗೆ ಕೊಟ್ಟರು. ಅದರ ಕೆಳಗೆ "ಹಿಂದಿನ ಹಲಗೆಯಲ್ಲಿ ಬಿರುಕಿಲ್ಲ, ಕುತ್ತಿಗೆ ಮುರಿದು ಜೋಡಿಸಿಲ್ಲ". ಇದು ಮುಂದೆ ಕಳ್ಳಮಾಲು ಅಂತ ತಕರಾರು ಬಂದರೂ ಬೇಕಾಗುತ್ತದೆ. ಒಬ್ಬರು ಎಲ್ಲ ಬರೆದು, ಕುತ್ತಿಗೆಯ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟರು. "ಅದೊಂದು ಬೇಡ ಬಿಡಿ ಸಾರ್" ಅಂದರು. ನಾನು ಮತ್ತೆ ಟಾರ್ಚು ತೆಗೆದೆ. ಕುತ್ತಿಗೆ ಬಂದು ಪೆಟ್ಟಿಗೆಗೆ ಕೂಡುವ ಜಾಗದಲ್ಲಿ, ವಾರ್ನಿಷ್ ಕೆಳಗೆ, ಕೂದಲೆಳೆಯಂಥ ಒಂದು ಗೆರೆ. ಕೆಲಸ ಅಚ್ಚುಕಟ್ಟಾಗಿತ್ತು, ಗಟ್ಟಿಯಾಗಿಯೂ ಇತ್ತು. ಬೆಲೆಯಲ್ಲಿ 6 ಸಾವಿರ ಇಳಿಯಿತು. "ಕುತ್ತಿಗೆ ಒಮ್ಮೆ ಜೋಡಿಸಿದೆ" ಅಂತ ಅವರೇ ಬರೆದು ಸಹಿ ಹಾಕಿದರು, ನಾವು ಪಿಟೀಲು ತಗೊಂಡು ಬಂದೆವು.