ಬಿಸಿಲಿನ ತಲೆನೋವೋ, ಮಿದುಳಿನ ಟಿಬಿಯೋ? ಮೊದಲು ದಿನ ಎಣಿಸಿ

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಯಾವ ತಲೆನೋವು ಬಂದರೂ ಬಿಸಿಲಿನ ಮೇಲೆ ಹಾಕುತ್ತೇವೆ. ಮಜ್ಜಿಗೆ ಕುಡಿದು, ಒಂದು ಗುಳಿಗೆ ನುಂಗಿ ಮಲಗುತ್ತೇವೆ. ಜಾಸ್ತಿ ಸಲ ಅಷ್ಟರಲ್ಲೇ ಹೋಗುತ್ತದೆ. ಆದರೆ ಟಿಬಿ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗೆ ತಗಲುವ ಕ್ಷಯ, ಹೀಗೇ ಸದ್ದಿಲ್ಲದೆ ಶುರುವಾಗುತ್ತದೆ.

ಮೊದಲು ದಿನ ಎಣಿಸಿ. ಬೇರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಒಂದೆರಡು ದಿನದಲ್ಲೇ ಜೋರು ಜ್ವರ, ಕತ್ತು ಬಿಗಿತ ತಂದು ಮನುಷ್ಯನನ್ನು ಕೆಡವುತ್ತದೆ. ವೈರಸ್‌ನದ್ದು ಬಹುತೇಕ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಟಿಬಿಯದ್ದು ವಾರಗಟ್ಟಲೆ ತೆವಳುತ್ತದೆ. ಸಣ್ಣ ಜ್ವರ, ತಲೆನೋವು, ವಾಂತಿ. ಊಟ ಸೇರುವುದಿಲ್ಲ. ಆಡುತ್ತಿದ್ದ ಮಗು ಮೂಲೆ ಹಿಡಿಯುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣಬಹುದು. ಐದು ದಿನ ದಾಟಿದರೆ ಟಿಬಿಯ ಅನುಮಾನ ಇರಲೇಬೇಕು. ಫಿಟ್ಸ್ ಬಂದರೆ, ಮಂಪರು ಕವಿದರೆ ಎಣಿಸುತ್ತಾ ಕೂರಬೇಡಿ. ಆ ಕ್ಷಣವೇ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ.

ವೈದ್ಯರು ಕೇಳದಿದ್ದರೂ ಕೆಲವು ವಿಷಯ ಹೇಳಿ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ? ಸಕ್ಕರೆ ಕಾಯಿಲೆ, ಎಚ್‌ಐವಿ ಇದೆಯಾ? ಹಟ್ಟಿಯ ಚಿನ್ನದ ಗಣಿಯಲ್ಲೋ ಕಲ್ಲು ಕ್ವಾರಿಯಲ್ಲೋ ದುಡಿದವರಾ? ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕೆ ಟಿಬಿ ಬೇಗ ಅಂಟುತ್ತದೆ. ಊರಲ್ಲೇ ಇಂಜೆಕ್ಷನ್, ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಅರ್ಧ ಔಷಧಿ ಬಿದ್ದ ಬೇರೆ ಮೆನಿಂಜೈಟಿಸ್ ಕೂಡ ಟಿಬಿಯ ಹಾಗೇ ಕಾಣುತ್ತದೆ. ಮಗುವಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ್ದೇವಲ್ಲ ಎಂದು ನಿಶ್ಚಿಂತೆಯಾಗಿಯೂ ಇರಬೇಡಿ. ಅದು ಅಪಾಯ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಮುಂದಿನದು ಬೆನ್ನಿನ ನೀರು, ಅಂದರೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು, ತೆಗೆದು ಪರೀಕ್ಷಿಸುವುದು. ಇಲ್ಲೇ ಎಲ್ಲರೂ ಹಿಂಜರಿಯುವುದು. ಸೊಂಟ ಬಿದ್ದುಹೋಗುತ್ತದೆ ಎಂದು ಹಿರಿಯರು ತಡೆಯುತ್ತಾರೆ. ಆದರೆ ಸೂಜಿ ಹಾಕುವುದು ಬೆನ್ನುಹುರಿ ಮುಗಿದು ಅದರ ಕೆಳಗಿರುವ ಜಾಗದಲ್ಲಿ. ತಲೆಯೊಳಗೆ ಒತ್ತಡದ ಅನುಮಾನವಿದ್ದರೆ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ದಯವಿಟ್ಟು ಒಪ್ಪಿಕೊಳ್ಳಿ, ರೋಗದ ಗುರುತು ಆ ನೀರಿನಲ್ಲೇ ಇದೆ.

ಬೇರೆ ಬ್ಯಾಕ್ಟೀರಿಯಾ ಆದರೆ ನೀರು ಕದಡಿರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಹೆಚ್ಚು. ಟಿಬಿಯಲ್ಲಿ ನೀರು ಹೆಚ್ಚಾಗಿ ತಿಳಿಯಾಗಿಯೇ ಇರುತ್ತದೆ, ಹಾಗೇ ಇಟ್ಟರೆ ಕೆಲವೊಮ್ಮೆ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ. ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಜಾಸ್ತಿ, ಪ್ರೋಟೀನ್ ಡೆಸಿಲೀಟರ್‌ಗೆ 100 ಮಿಲಿಗ್ರಾಂ ದಾಟಿರುವುದು ಸಾಮಾನ್ಯ, ಸಕ್ಕರೆ ರಕ್ತದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡಬೇಕು. ವೈರಸ್‌ನಲ್ಲೂ ಲಿಂಫೋಸೈಟ್‌ಗಳೇ, ಆದರೆ ಸಕ್ಕರೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಎಚ್‌ಐವಿ ಇದ್ದವರಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೂ ಟಿಬಿಯಂತೆಯೇ ಕಾಣುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಇದೆ.

ಆ ನೀರಿನಲ್ಲಿ ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಕೆಲವೇ ಗಂಟೆಯಲ್ಲಿ ಉತ್ತರ ಕೊಡುತ್ತದೆ. ನೆಗೆಟಿವ್ ಬಂತೆಂದು ಮನೆಗೆ ಹೊರಡಬೇಡಿ. ಆ ನೀರಿನಲ್ಲಿ ರೋಗಾಣು ತೀರಾ ಕಡಿಮೆ ಇರುವುದರಿಂದ ಎಷ್ಟೋ ಸಲ ಸಿಗುವುದೇ ಇಲ್ಲ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ವಾರಗಳು ಬೇಕು. ಅಲ್ಲಿಯವರೆಗೆ ಕಾದರೆ ಕೈಮೀರುತ್ತದೆ. ಬಲವಾದ ಅನುಮಾನವಿದ್ದರೆ ವೈದ್ಯರು ಟಿಬಿ ಗುಳಿಗೆ, ಜೊತೆಗೆ ಊತ ತಗ್ಗಿಸುವ ಸ್ಟೀರಾಯ್ಡ್ ಆಗಲೇ ಶುರು ಮಾಡುತ್ತಾರೆ. ಅದು ಸರಿಯಾದ ಕ್ರಮವೇ.

ಶ್ವಾಸಕೋಶದ ಟಿಬಿಗೆ ಸಾಮಾನ್ಯವಾಗಿ 6 ತಿಂಗಳು, ಇದಕ್ಕೆ 12 ತಿಂಗಳವರೆಗೂ ಗುಳಿಗೆ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಡುವೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಗುಳಿಗೆ ಪೊಟ್ಟಣ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ. ಯಾವ ಗುಳಿಗೆ ತಡೆಯಬೇಕು, ಯಾವುದು ಬೇಡ ಎಂದು ಅವರೇ ಹೇಳಲಿ.