ಒಂದು ಸಿಲಿಂಡರ್ ಕಂಪ್ರೆಷನ್ ಕಡಿಮೆ ಇದೆಯಾ? ಎಂಜಿನ್ ಬಿಚ್ಚಿಸೋಕೆ ಮುಂಚೆ ಇದನ್ನ ಮಾಡಿಸಿ

ಪೆಟ್ರೋಲ್ ಕಾರು ಐಡಲ್‌ನಲ್ಲಿ ನಡುಗುತ್ತೆ, ಪ್ಲಗ್, ಕಾಯಿಲ್ ಬದಲಿಸಿದರೂ ಮಿಸ್ಸಿಂಗ್ (ಸಿಲಿಂಡರ್ ಸರಿಯಾಗಿ ಉರಿಯದಿರೋದು) ಹೋಗಿಲ್ಲ ಅಂದರೆ ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರ್ ಒಳಗೆ ಏಳುವ ಒತ್ತಡ) ಅಳೆಸಿ. ಎಂಜಿನ್ ಬಿಸಿ ಇರಲಿ. ಎಲ್ಲ ಪ್ಲಗ್ ಬಿಚ್ಚಿ, ಇಂಧನ, ಇಗ್ನಿಷನ್ ಎರಡೂ ಕಡಿತ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಥ್ರಾಟಲ್ ಮುಚ್ಚಿದ್ದರೆ ಒಳ್ಳೆ ಸಿಲಿಂಡರ್ ಕೂಡ ಕಡಿಮೆ ತೋರಿಸುತ್ತೆ.

ಮೂರು ಸಿಲಿಂಡರ್‌ನಲ್ಲಿ 170 ಪಿಎಸ್‌ಐ (ಒತ್ತಡದ ಅಳತೆ), ಒಂದರಲ್ಲಿ 110 ಬಂತು ಅನ್ನಿ. ಆ ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಲಿ (ಡೀಸೆಲ್‌ಗೆ ಇದು ಬೇಡವೇ ಬೇಡ). ಒತ್ತಡ ಚೆನ್ನಾಗಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್) ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್‌ನಲ್ಲೂ ಒತ್ತಡ ಇಳಿದಿದ್ದರೆ ಗ್ಯಾಸ್ಕೆಟ್ ಮೇಲೇ ಅನುಮಾನ.

ಸಿಎನ್‌ಜಿ ಗಾಡಿಯಾದರೆ ದಯವಿಟ್ಟು ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನ ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್) ನೋಡಿಸಿ. ವಾಲ್ವ್ ಕೂರುವ ಸೀಟ್ ಸವೆದು ಆ ಗ್ಯಾಪ್ ಮುಚ್ಚಿಹೋಗಿರಬಹುದು. ಬೇಗ ಹಿಡಿದರೆ ಹೆಡ್ ಬಿಚ್ಚೋದೇ ತಪ್ಪಬಹುದು.